ಹಸಿರು ಮುಚ್ಚಳದ ಅಕ್ಕ

ಮುಂದಿನ ತಿಂಗಳು ಅಕ್ಕ ನಿವೃತ್ತಳಾಗುತ್ತಾಳೆ. ಬೀಳ್ಕೊಡುಗೆಯ ದಿನ ಓದುವುದಕ್ಕೆ ಎರಡು ಮಾತು ಬರೆದುಕೊಡಿ ಎಂದು ಆಫೀಸಿನವರು ನನ್ನ ಕೈಗೆ ಒಂದು ಹಾಳೆ ತುರುಕಿ ಹೋಗಿದ್ದಾರೆ. ಹೋದ ವರ್ಷ ಡ್ರೈವರಿಗೆ ಬರೆದ ಹಾಗೆಯೇ ಬರೆದರೆ ಸಾಕಂತೆ: ಕರ್ತವ್ಯನಿಷ್ಠೆ, ಸರಳತೆ, ಸದಾ ಹಸನ್ಮುಖ. ಅಕ್ಕ ಮತ್ತು ಹಸನ್ಮುಖ! ಇಪ್ಪತ್ತೆರಡು ವರ್ಷ ಅವಳ ಪಕ್ಕದ ಕಿಟಕಿಯಲ್ಲಿ ಕೂತವನು ನಾನು. ಅವಳು ನಕ್ಕಿದ್ದನ್ನು ಬೆರಳೆಣಿಕೆಯಲ್ಲಿ ಹೇಳಬಲ್ಲೆ. ಅದಕ್ಕೇ ಆ ಹಾಳೆ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ಓದುವುದು ಬಿಡುವುದು ಅವರ ಇಷ್ಟ. ಎದುರಿಗೆ ಮಾತಾಡುವಾಗ ಅವಳಿಗೆ ‘ನೀವು’ ಅನ್ನುತ್ತೇನೆ, ಬರೆಯಲು ಕೂತರೆ ‘ಅವಳು’ ಎಂದೇ ಬರುತ್ತದೆ. ಅವಳು ನನ್ನ ಒಡಹುಟ್ಟಿದವಳಲ್ಲ, ಆದರೂ ಒಡಹುಟ್ಟಿದವರ ಬಗ್ಗೆ ಬರೆದ ಹಾಗೇ ಬರುತ್ತದೆ, ಇರಲಿ.

ನಮ್ಮದು ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬು. ಎಚ್‌ಐವಿ ಇರುವವರ ರಕ್ತ ಇಲ್ಲಿಗೆ ಬರುತ್ತದೆ. ಅದರಲ್ಲಿ ವೈರಸ್ ಎಷ್ಟಿದೆ ಎಂದು ಅಕ್ಕನ ಯಂತ್ರ ಲೆಕ್ಕ ಹಾಕಿ ಹೇಳುತ್ತದೆ. ಕಿಟಕಿಯಲ್ಲಿ ಟ್ಯೂಬು ತೆಗೆದುಕೊಂಡು, ನಂಬರಿನ ಚೀಟಿ ಅಂಟಿಸಿ, ಒಳಗೆ ದಾಟಿಸುವುದು ನನ್ನ ಕೆಲಸ. ಈ ಪರೀಕ್ಷೆಗೆ ನೇರಳೆ ಮುಚ್ಚಳದ ಟ್ಯೂಬು ಮಾತ್ರ ಆಗಬೇಕು. ಹಸಿರು ಮುಚ್ಚಳದ್ದು ಬಂತೋ, ಅಕ್ಕನಿಗೆ ಪಿತ್ತ ನೆತ್ತಿಗೇರುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಎಂದು ಹಸಿರು ಮುಚ್ಚಳದ ಟ್ಯೂಬಿನೊಳಗೆ ಮೊದಲೇ ಹೆಪಾರಿನ್ ಸವರಿರುತ್ತಾರೆ. ಆ ಹೆಪಾರಿನ್ ನಮ್ಮ ಯಂತ್ರದ ಕಣ್ಣಿಗೆ ಮಣ್ಣೆರಚುತ್ತದೆ. ಲಕ್ಷಗಟ್ಟಲೆ ವೈರಸ್ ಇದ್ದರೂ ಯಂತ್ರ ‘ಕಾಣಿಸಲಿಲ್ಲ’ ಎಂದು ಸಲೀಸಾಗಿ ಚೀಟಿ ಕೊಟ್ಟುಬಿಡುತ್ತದೆ.

“ಯಂತ್ರ ಸುಳ್ಳು ಹೇಳಲ್ಲ, ಅದರ ಬಾಯಲ್ಲಿ ನಾವು ಸುಳ್ಳು ಹೇಳಿಸ್ತೀವಿ,” ಎಂದು ಅಕ್ಕ ಹಸಿರು ಟ್ಯೂಬು ತಂದವರ ಮುಖಕ್ಕೇ ಹೇಳುತ್ತಿದ್ದಳು. ಎಷ್ಟು ನರ್ಸುಗಳು ಮುಖ ಊದಿಸಿಕೊಂಡು ವಾಪಸು ಹೋಗಿದ್ದಾರೋ ಲೆಕ್ಕವಿಲ್ಲ. ವಾರ್ಡುಗಳಲ್ಲಿ ಅವಳಿಗೆ ‘ಹಸಿರು ಮುಚ್ಚಳ’ ಎಂದೇ ಹೆಸರು. ಅವಳಿಗೂ ಗೊತ್ತು. ಬೈದು ಬೈದು ಸಾಕಾಗಿ ಕೊನೆಗೆ ನನ್ನ ಕಿಟಕಿಯ ಮೇಲೆ ಒಂದು ಬೋರ್ಡು ಹಾಕಿಸಿದಳು: ‘ಹಸಿರು ಮುಚ್ಚಳದ ಟ್ಯೂಬು ಇಲ್ಲಿ ತೆಗೆದುಕೊಳ್ಳುವುದಿಲ್ಲ’. ಅಷ್ಟು ದುಂಡಗಿನ ಅಕ್ಷರ ಆಸ್ಪತ್ರೆಯ ಹೆಸರಿನ ಫಲಕದ ಮೇಲೂ ಇಲ್ಲ. ಬರೆದವನು ಅವಳ ತಮ್ಮ.

ತಮ್ಮ ಬೋರ್ಡು ಬರೆಯುವವನು. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ಅಂದಿನಿಂದ ಅವನ ಊಟ, ಬಟ್ಟೆ, ಜ್ವರ, ತಂಟೆ ಎಲ್ಲ ಅವಳ ತಲೆಗೇ ಬಿತ್ತು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಬಾಗಿಲಲ್ಲೇ ನಿಂತು ಹೋಯಿತಂತೆ. ಅದರ ಬಗ್ಗೆ ಅವಳು ಕೊರಗಿದ್ದನ್ನು ನಾನು ಕೇಳಿಲ್ಲ. ತಮ್ಮನಿಗೆ ಎಚ್‌ಐವಿ ಇದೆ ಎಂದು ಗೊತ್ತಾದ ದಿನವೂ ಅವಳು ಕೆಲಸಕ್ಕೆ ಬಂದಿದ್ದಳು. ಎಲ್ಲಿಂದ ಬಂತು, ಹೇಗೆ ಬಂತು ಎಂದು ನಾನೂ ಕೇಳಲಿಲ್ಲ, ಅವಳೂ ಅವನನ್ನು ಕೇಳಿದ ಹಾಗಿಲ್ಲ. “ಬಂದಾಯ್ತಲ್ಲ,” ಎಂದಳು, ಅಷ್ಟೇ.

ಹತ್ತು ವರ್ಷ ಅವನು ಮಾತ್ರೆ ನುಂಗಿದ. ದಿನಾ ಮೂರು ಬಗೆ. ನುಂಗಿದ ಮೇಲೆ ಮಧ್ಯಾಹ್ನದವರೆಗೆ ವಾಕರಿಕೆ, ಊಟ ಕಂಡರಾಗದು. ಕೊನೆಕೊನೆಗೆ ವೈರಸ್ಸು ಆ ಮಾತ್ರೆಗಳಿಗೂ ಪಳಗಿತು. ಮೂರರಲ್ಲಿ ಎರಡು ಇದ್ದೂ ಇಲ್ಲದ ಹಾಗೆ. ಒಂದು ಮಾತ್ರ ಹೇಗೋ ಹಿಡಿದು ನಿಲ್ಲಿಸಿತ್ತು. ಬೇರೆ ಜಾತಿಯ ಮಾತ್ರೆ ಆಗ ನಮ್ಮಲ್ಲಿಗೆ ಇನ್ನೂ ಬಂದಿರಲಿಲ್ಲ. ತಿಂಗಳಿಗೊಮ್ಮೆ ಅವನ ಟ್ಯೂಬು ಬಂದಾಗ ಅಕ್ಕ ಬೇರೆಯವರ ಟ್ಯೂಬಿನಂತೆಯೇ ಅದನ್ನೂ ಯಂತ್ರಕ್ಕೆ ಹಾಕುತ್ತಿದ್ದಳು. ಚೀಟಿ ಹೊರಬರುವಾಗ ಮಾತ್ರ ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದಳು, ಮಂಡಿನೋವು ಇದ್ದರೂ.

ಆರು ವರ್ಷದ ಹಿಂದೆ ದೊಡ್ಡ ಡಾಕ್ಟರ ಹೊಸ ಔಷಧಿಯ ಪರೀಕ್ಷೆ ಶುರುವಾಯಿತು. ದೊಡ್ಡ ಡಾಕ್ಟರು ಎಂದರೆ ಎತ್ತರದಲ್ಲಿ ಸಣ್ಣವರೇ, ಆದರೆ ನಮ್ಮ ವಿಭಾಗಕ್ಕೆ ಹಿರಿಯರು. ಹನ್ನೊಂದು ವರ್ಷದಿಂದ ಅವರಿಗೆ ಒಂದೇ ಧ್ಯಾನ: ರಕ್ತ ಹೆಪ್ಪುಗಟ್ಟದಂತೆ ಕೊಡುವ ಈ ಹೆಪಾರಿನ್ನನ್ನೇ ಎಚ್‌ಐವಿಗೆ ಔಷಧಿಯಾಗಿ ತಿರುಗಿಸಬೇಕು. ಅಕ್ಕನ ಮೇಜಿನ ಪಕ್ಕ ನಿಂತು ಅವರು ನಮಗೆ ವಿವರಿಸಿದ್ದು ಇನ್ನೂ ನೆನಪಿದೆ.

“ಇದು ಸಕ್ಕರೆಯ ಉದ್ದ ಸರಪಳಿ. ಮೈತುಂಬಾ ಗಂಧಕದ ಕೊಂಡಿಗಳು. ವೈರಸ್ಸು ನಮ್ಮ ಜೀವಕೋಶದ ಬಾಗಿಲಿಗೆ ಅಂಟಿಕೊಳ್ಳೋಕೆ ಹೋಗುತ್ತಲ್ಲ, ಅದಕ್ಕೂ ಮೊದಲು ಈ ಸರಪಳಿಗೆ ಅಂಟಿಕೊಂಡುಬಿಡುತ್ತೆ. ಗಾಜಿನ ತಟ್ಟೆಯಲ್ಲಿ ಎಷ್ಟೋ ವರ್ಷದಿಂದ ಗೊತ್ತಿರೋ ವಿಷಯ ಇದು. ಮನುಷ್ಯನಿಗೆ ಕೊಟ್ಟರೆ ಎರಡು ತೊಂದರೆ. ನುಂಗಿದರೆ ರಕ್ತಕ್ಕೆ ಸೇರಲ್ಲ. ಚುಚ್ಚಿದರೆ ರಕ್ತ ತೆಳುವಾಗಿ ಎಲ್ಲೆಂದರಲ್ಲಿ ಸುರಿಯುತ್ತೆ.”

“ಮತ್ತೆ?” ಎಂದಳು ಅಕ್ಕ, ಕೈಕೆಲಸ ಬಿಡದೆ.

“ಸರಪಳಿಯಲ್ಲಿ ರಕ್ತ ತೆಳು ಮಾಡೋ ತುಂಡು ಯಾವುದು ಅಂತ ಹುಡುಕಿ ಅದನ್ನ ಕೆಡಿಸಿದ್ದೀವಿ. ಗಂಧಕದ ಕೊಂಡಿ ಹಾಗೇ ಇದೆ. ಇನ್ನು ರಕ್ತ ಸುರಿಯಲ್ಲ, ವೈರಸ್ಸು ಮಾತ್ರ ಅಂಟಿಕೊಳ್ಳುತ್ತೆ. ಆಗಬೇಕು, ನೋಡೋಣ.”

ಹಳೆಯ ಮಾತ್ರೆ ಸೋತವರಲ್ಲಿ ಹನ್ನೊಂದು ಜನರನ್ನು ಆರಿಸಿದರು. ಅಕ್ಕನ ತಮ್ಮ ಏಳನೆಯ ನಂಬರು. ದಿನಕ್ಕೆರಡು ಸಲ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್ನು, ಜೊತೆಗೆ ಹಳೆಯ ಮಾತ್ರೆಗಳೂ. ತಿಂಗಳಿಗೊಮ್ಮೆ ರಕ್ತ. ಮೂರು ಸಲ ಸಾಲಾಗಿ ‘ಕಾಣಿಸಲಿಲ್ಲ’ ಎಂದು ಬಂದವರಿಗೆ ನಾಲ್ಕನೆಯ ತಿಂಗಳು ತುಂಬಿದ ಸೋಮವಾರ ಹಳೆಯ ಮಾತ್ರೆ ನಿಲ್ಲಿಸಿ, ಬರೀ ಇಂಜೆಕ್ಷನ್ನಿನ ಮೇಲೆ ಬಿಡುವುದು ಎಂದು ತೀರ್ಮಾನವಾಗಿತ್ತು.

ಮೊದಲ ತಿಂಗಳ ಚೀಟಿಗಳು ಬಂದ ದಿನ ನನಗೆ ನಂಬಿಕೆಯೇ ಆಗಲಿಲ್ಲ. ಹನ್ನೊಂದರಲ್ಲಿ ಒಂಬತ್ತು ‘ಕಾಣಿಸಲಿಲ್ಲ’. ಏಳನೆಯ ನಂಬರೂ ಅದರಲ್ಲಿತ್ತು. ಎರಡನೆಯ ತಿಂಗಳೂ ಹಾಗೇ, ಮೂರನೆಯ ತಿಂಗಳೂ ಹಾಗೇ. ದೊಡ್ಡ ಡಾಕ್ಟರು ಬಿಸ್ಕತ್ತಿನ ಡಬ್ಬ ತಂದು ನಮ್ಮ ಮೇಜಿನ ಮೇಲಿಟ್ಟು, ತಾವೇ ಎರಡೆರಡು ನಮ್ಮ ಕೈಗಿಟ್ಟು ಹೋದರು. ಫಲಿತಾಂಶವನ್ನು ರೋಗಿಗೆ ಹೇಳುವುದು ಡಾಕ್ಟರ ಕೆಲಸ, ನಾವು ಉಸಿರೆತ್ತುವ ಹಾಗಿಲ್ಲ. ಮೂವತ್ತು ವರ್ಷ ಚಾಚೂ ತಪ್ಪದೆ ಆ ನಿಯಮ ಪಾಲಿಸಿದವಳು, ಮೂರನೆಯ ಚೀಟಿ ಬಂದ ಮಧ್ಯಾಹ್ನ ಕೋಟು ಕಳಚಿ ಮೊಳೆಗೆ ಸಿಕ್ಕಿಸಿ ನನ್ನ ಹತ್ತಿರ ಬಂದಳು.

“ಅರ್ಧ ಗಂಟೆ ನೋಡ್ಕೋ. ಯಾರಾದ್ರೂ ಕೇಳಿದ್ರೆ ಹಲ್ಲುನೋವು ಅಂತ ಹೇಳು.”

ಅವಳು ತಮ್ಮನ ಅಂಗಡಿಗೆ ಹೋದಳೆಂದು ನನಗೆ ಹೇಳಬೇಕಾಗಿರಲಿಲ್ಲ. ವಾಪಸು ಬಂದಾಗ ಅವಳ ಸೆರಗಿಗೆ ನೀಲಿ ಬಣ್ಣ ಮೆತ್ತಿತ್ತು. ಅವನು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದನಂತೆ. “ಮಂಡಿ ಮುರೀತಿತ್ತು, ಮುಟ್ಠಾಳ,” ಎಂದಳು. ಅವಳು ನಕ್ಕ ದಿನಗಳಲ್ಲಿ ಅದೂ ಒಂದು.

ಅದಾಗಿ ಮೂರು ವಾರಕ್ಕೆ, ಆ ಸೋಮವಾರಕ್ಕೆ ಇನ್ನು ಐದೇ ದಿನವಿದೆ ಎನ್ನುವಾಗ, ಹೆರಿಗೆ ವಾರ್ಡಿನಿಂದ ನಮ್ಮ ಕಡೆಗೆ ವರ್ಗವಾಗಿದ್ದ ನರ್ಸಮ್ಮ ಒಂದು ಟ್ರೇ ತುಂಬ ಟ್ಯೂಬು ತಂದಳು. ನಮ್ಮ ವಯಸ್ಸಿನವಳೇ, ಕಾಲು ಎಳೆದುಕೊಂಡು ನಡೆಯುವವಳು. ಎಲ್ಲ ಹಸಿರು ಮುಚ್ಚಳ. ಬೋರ್ಡಿನ ಕೆಳಗೇ ನಿಂತಿದ್ದಳು, ಓದಿರಲಿಲ್ಲ.

ಅಕ್ಕನಿಗೆ ಅಂದು ಬೈಯುವಷ್ಟು ಶಕ್ತಿಯೂ ಇರಲಿಲ್ಲ. “ವಾಪಸ್ ತಗೊಂಡು ಹೋಗಮ್ಮ. ನೇರಳೆ ಮುಚ್ಚಳದ್ದರಲ್ಲಿ ತಗೊಂಡು ಬಾ,” ಎಂದಳು.

“ಇಷ್ಟು ಜನಕ್ಕೆ ಮತ್ತೆ ಸೂಜಿ ಚುಚ್ಚಬೇಕಾ? ಹಸಿರಲ್ಲಿ ಅಂಥದ್ದೇನಿದೆ?”

“ಹೆಪಾರಿನ್ ಇದೆ. ರಕ್ತದಲ್ಲಿ ಅದು ಸೇರ್ಕೊಂಡ್ರೆ ವೈರಸ್ ಇದ್ರೂ ಯಂತ್ರಕ್ಕೆ ಕಾಣಿ…”

ಸಾವಿರ ಸಲ ಹೇಳಿದ ಮಾತು ಅದು. ಆ ದಿನ ಅದು ಅರ್ಧಕ್ಕೇ ನಿಂತಿತು. ತಿರುಗಿ ನೋಡಿದೆ. ಅಕ್ಕ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ನರ್ಸಮ್ಮ ಗಾಬರಿಯಾಗಿ, “ಆಯ್ತಪ್ಪ, ಮತ್ತೆ ತರ್ತೀನಿ, ಅದಕ್ಯಾಕೆ ಹಾಗೆ ನೋಡ್ತೀರಿ,” ಎಂದು ಟ್ರೇ ಎತ್ತಿಕೊಂಡು ಹೋದಳು.

“ಏನಾಯ್ತು ಅಕ್ಕ?” ಎಂದೆ.

“ಆ ಹನ್ನೊಂದು ಜನದ ಮೈಯೊಳಗೇ ಹೆಪಾರಿನ್ ಇದೆ ಕಣೋ,” ಎಂದಳು. “ಮುಚ್ಚಳ ನೇರಳೆ. ಒಳಗಿರೋದು ಹಸಿರು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ರಕ್ತ ತೆಳು ಮಾಡುವ ಗುಣ ತೆಗೆದಿದ್ದೇವೆ ಎಂದು ಡಾಕ್ಟರು ಹೇಳಿದ್ದನ್ನೇ ನಾವೆಲ್ಲ ತಲೆಯಲ್ಲಿ ಇಟ್ಟುಕೊಂಡಿದ್ದೆವು. ಯಂತ್ರವನ್ನು ಕುರುಡು ಮಾಡುವುದು ಆ ಗುಣವಲ್ಲ, ಗಂಧಕದ ಕೊಂಡಿಗಳಿರುವ ಆ ಸರಪಳಿಯೇ. ಅದು ಹಾಗೇ ಇತ್ತಲ್ಲ! ಈಗಿನ ಯಂತ್ರಗಳಾದರೆ ಪ್ರತಿ ಟ್ಯೂಬಿಗೂ ಲೆಕ್ಕ ಗೊತ್ತಿರುವ ಮಾದರಿಯ ಒಂದು ಹನಿ ಸೇರಿಸಿ, ಅದು ಕಾಣುತ್ತಿದೆಯೇ, ಕಣ್ಣು ನೆಟ್ಟಗಿದೆಯೇ ಎಂದು ತಾವೇ ಪರೀಕ್ಷಿಸಿಕೊಳ್ಳುತ್ತವೆ. ನಮ್ಮದು ಹಳೆಯದು. ಇಡೀ ಟ್ರೇಗೆ ಅಂಥ ತಾಳೆಯ ಟ್ಯೂಬು ಒಂದೇ, ಅದರಲ್ಲಿ ರೋಗಿಯ ರಕ್ತವೇ ಇರುತ್ತಿರಲಿಲ್ಲ, ಹಾಗಾಗಿ ಹೆಪಾರಿನ್ನೂ ಇಲ್ಲ.

ಮುಂದಿನ ಎರಡು ದಿನ ಅವಳು ಕೆಲಸ ಮಾಡಿದ್ದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಮೊದಲು ವೈರಸ್ ತುಂಬಿರುವ ಹಳೆಯ ಮಾದರಿಯೊಂದನ್ನು ತೆಗೆದು, ಅದಕ್ಕೆ ಏಳನೆಯ ನಂಬರಿನ ರಕ್ತದ ತಿಳಿಯನ್ನು ನಾಲ್ಕು ಹನಿ ಬೆರೆಸಿದಳು. ಅಲ್ಲಿಯವರೆಗೆ ಲಕ್ಷ ತೋರಿಸುತ್ತಿದ್ದ ಯಂತ್ರ ‘ಕಾಣಿಸಲಿಲ್ಲ’ ಎಂದಿತು. ಆಮೇಲೆ ಹೆಪಾರಿನ್ನಿನ ಸರಪಳಿಯನ್ನು ಕತ್ತರಿಸಿ ಹಾಕುವ ಕಿಣ್ವವನ್ನು ಮೇಲಿನ ಲ್ಯಾಬಿನಿಂದ ಇಸಕೊಂಡು ಬಂದು, ತಣ್ಣಗಿನ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ತಮ್ಮನ ಹಿಂದಿನ ಮಾದರಿಗಳಿಗೆಲ್ಲ ಹಾಕಿದಳು. ಗಂಟೆಗಟ್ಟಲೆ ಕಾದು ಯಂತ್ರಕ್ಕೆ ಕೊಟ್ಟಳು. ವೈರಸ್ಸು ಎಲ್ಲೂ ಹೋಗಿರಲಿಲ್ಲ. ಮೊದಲ ಮೂರು ತಿಂಗಳು ಹಿಂದಿನ ಅರ್ಧಕ್ಕಿಳಿದಿತ್ತು, ಅಷ್ಟೇ. ಅದೇ ವಾರ ತೆಗೆದ ರಕ್ತದಲ್ಲಿ ಮಾತ್ರ ಹಿಂದೆಂದೂ ಇಲ್ಲದಷ್ಟು ಏರಿತ್ತು. ಅದು ಯಾಕೆ ಏರಿತು ಎಂದು ಅವಳಿಗೆ ತಿಳಿಯಲಿಲ್ಲ. ಮತ್ತೆ ಮಾಡಿದಳು, ಮೂರನೆಯ ಸಲವೂ ಮಾಡಿದಳು, ಸಂಖ್ಯೆ ಕದಲಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು ಎಂದು ಹೇಳುವವರಿದ್ದಾರೆ. ತಂತ್ರಜ್ಞೆಯ ಕೆಲಸ ಚೀಟಿ ಕೊಡುವುದು, ಕೊಟ್ಟಾಗಿತ್ತು. ಹನ್ನೊಂದು ವರ್ಷದ ಕೆಲಸ ನೆಲಕಚ್ಚುತ್ತದೆ, ಒಂಬತ್ತು ಜನರ ಆಸೆ ಮಣ್ಣುಪಾಲಾಗುತ್ತದೆ, ಅದರಲ್ಲಿ ಒಬ್ಬ ಸ್ವಂತ ತಮ್ಮ. ಆದರೆ ಸೋಮವಾರ ಆ ಒಂಬತ್ತು ಜನರ ಮಾತ್ರೆ ನಿಲ್ಲಿಸಿದರೆ, ಹೇಗೋ ಹಿಡಿದಿದ್ದ ಆ ಒಂದು ಮಾತ್ರೆಯ ಕೈಯೂ ಬಿಟ್ಟ ಹಾಗೆ. ಶುಕ್ರವಾರ ಮಧ್ಯಾಹ್ನ ಅವಳು ಚೀಟಿಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಲಿಫ್ಟು ಕೆಟ್ಟಿತ್ತು. ಮೂರು ಅಂತಸ್ತು, ಪ್ರತಿ ತಿರುವಿನಲ್ಲೂ ನಿಂತು ಮಂಡಿ ತಿಕ್ಕಿಕೊಂಡಳು. ನಾನು ಜೊತೆಗಿದ್ದೆ.

ದೊಡ್ಡ ಡಾಕ್ಟರು ಎಲ್ಲ ಚೀಟಿ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು.

“ಇನ್ನೊಂದು ಸಲ ಮಾಡಿ ನೋಡೋಣ್ವಾ?”

“ಮೂರು ಸಲ ಮಾಡಿದ್ದೀನಿ ಸರ್.”

“ಯಾವ ನಂಬರು ಇದು?”

“ಏಳು. ನನ್ನ ತಮ್ಮ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ಇಲ್ಲದ ಅವರ ಮುಖ ನಾನು ನೋಡಿದ್ದು ಅದೇ ಮೊದಲು, ತುಂಬಾ ವಯಸ್ಸಾದವರ ಮುಖ. “ಔಷಧಿ ಏನೂ ಮಾಡಿಲ್ಲ ಅಂತಲ್ಲ,” ಎಂದರು ಮೆಲ್ಲಗೆ. “ಅರ್ಧಕ್ಕೆ ಇಳಿಸಿದೆ ಅನ್ಸುತ್ತೆ. ಆದ್ರೆ ಅರ್ಧ ಸಾಲದು.”

“ಸೋಮವಾರ ಮಾತ್ರೆ ನಿಲ್ಲಿಸಬೇಡಿ ಸರ್.”

ಅವರು ಫೋನು ಎತ್ತಿ ವಾರ್ಡಿಗೆ ಹೇಳಿದರು: ಯಾರ ಮಾತ್ರೆಯನ್ನೂ ನಿಲ್ಲಿಸಕೂಡದು, ಪರೀಕ್ಷೆ ಇವತ್ತಿಗೆ ನಿಂತಿತು. ಫೋನಿಟ್ಟ ಮೇಲೆ, “ಇದು ನನಗೆ ಹೊಳೀಬೇಕಿತ್ತು,” ಎಂದರು.

“ಬಾಗಿಲು ಕಾಯೋಳು ನಾನು,” ಎಂದಳು ಅಕ್ಕ. “ನನಗೇ ಹೊಳೀಬೇಕಿತ್ತು.”

ಅಲ್ಲಿಂದ ನೇರ ತಮ್ಮನ ಅಂಗಡಿಗೆ ಹೋದೆವು. ಒಂದೇ ಕೋಣೆ, ಟರ್ಪಂಟೈನ್ ವಾಸನೆ, ಗೋಡೆಗೆ ಒರಗಿಸಿದ ತಗಡುಗಳು. ಅವನು ಹಲ್ಲಿನ ಡಾಕ್ಟರ ಬೋರ್ಡೊಂದಕ್ಕೆ ದೊಡ್ಡ ಬಿಳಿ ಹಲ್ಲು ಬರೆಯುತ್ತಿದ್ದ.

“ಬಾ ಅಕ್ಕ, ಕೂತ್ಕೋ. ಹಲ್ಲು ಮುಟ್ಟಬೇಡ, ಹಸಿ ಇದೆ,” ಎಂದು ತಾನೇ ನಕ್ಕ.

ಅಕ್ಕ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು, ಹಸಿರು ಮುಚ್ಚಳದಿಂದ ಹಿಡಿದು ಕಿಣ್ವದವರೆಗೆ. ಅವನು ಕುಂಚವನ್ನು ಡಬ್ಬದ ಅಂಚಿಗೆ ಒರೆಸುತ್ತಾ ಕೇಳಿಸಿಕೊಂಡ. ಅರ್ಥವಾಯಿತೋ ಇಲ್ಲವೋ ಎಂದು ನನಗೆ ಅನುಮಾನ. ಅಕ್ಕ ಕೊನೆಗೆ, “ಈ ವಾರದ್ದು ಮಾತ್ರ ಇದ್ದಕ್ಕಿದ್ದ ಹಾಗೆ ಏರಿದೆ. ಮಾತ್ರೆ ತಗೋತಿದ್ದೀಯಾ ತಾನೇ?” ಎಂದಳು.

ಅವನು ಅಟ್ಟಣಿಗೆಯಿಂದ ಖಾಲಿ ಬಣ್ಣದ ಡಬ್ಬವೊಂದನ್ನು ಇಳಿಸಿ ಮುಚ್ಚಳ ತೆಗೆದ. ಒಳಗೆ ಮಾತ್ರೆಯ ಪಟ್ಟಿಗಳು. ಒಂದೂ ಒಡೆದಿರಲಿಲ್ಲ.

“ನೀನು ಬಂದು ಹೇಳಿದ್ಯಲ್ಲ, ಅವತ್ತೇ ಬಿಟ್ಟೆ,” ಎಂದ. “ಹೇಗೂ ಸೋಮವಾರದಿಂದ ನಿಲ್ಲಿಸೋರೇ ಅಲ್ವಾ, ಇನ್ನು ನಾಲ್ಕು ವಾರ ಮೊದಲೇ ಬಿಟ್ರೆ ಏನು ಅನ್ನಿಸ್ತು. ಹತ್ತು ವರ್ಷ ಆಯ್ತಲ್ಲಕ್ಕ. ಸಾಕಾಗಿತ್ತು.”

ಅಕ್ಕ ಬಣ್ಣದ ಕಲೆಗಳ ನೆಲದ ಮೇಲೆ ಹಾಗೆಯೇ ಕೂತುಬಿಟ್ಟಳು. ತನ್ನ ಮಂಡಿಗಳನ್ನು ಕೈಯಲ್ಲಿ ಗುದ್ದಿಕೊಳ್ಳುತ್ತಾ, “ನಾನು ಹೇಳಬಾರದಿತ್ತು, ನಾನು ಬಾಯಿ ಬಿಡಬಾರದಿತ್ತು,” ಎಂದು ಅದನ್ನೇ ಹೇಳಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ, ಆ ಬಿಳಿ ಹಲ್ಲನ್ನು ನೋಡುತ್ತಾ ನಿಂತೆ.

ತಮ್ಮ ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. “ಸುಮ್ನಿರಕ್ಕ. ಈ ಮೂರು ವಾರ ವಾಕರಿಕೆ ಇಲ್ಲದೆ ಹೊಟ್ಟೆತುಂಬಾ ಉಂಡಿದ್ದೀನಿ. ನೀನು ಹೇಳದೇ ಇದ್ದಿದ್ರೆ ಅದೂ ಇರ್ತಿರಲಿಲ್ಲ.”

ಮಾರನೆಯ ಬೆಳಿಗ್ಗೆಯಿಂದಲೇ ಅವನು ಮತ್ತೆ ಮಾತ್ರೆ ಶುರು ಮಾಡಿದ. ಆದರೆ ಆ ವಾರಗಳಲ್ಲಿ ಏರಿದ ಸಂಖ್ಯೆ ಮತ್ತೆ ಮೊದಲಿನ ಜಾಗಕ್ಕೆ ಇಳಿಯಲೇ ಇಲ್ಲ. ಹೊಸ ಜಾತಿಯ ಮಾತ್ರೆ ಎಂಟು ತಿಂಗಳ ಮೇಲೆ ಬಂತು. ಅಷ್ಟರಲ್ಲಿ ಎದೆಗೆ ಸೋಂಕು ಹತ್ತಿ ಅವನು ಅರ್ಧಕ್ಕೆ ಅರ್ಧ ಇಳಿದುಹೋಗಿದ್ದ, ಉಳಿಯಲಿಲ್ಲ. ಆ ಮೂರು ವಾರ ಮಾತ್ರೆ ಬಿಡದಿದ್ದರೆ ಉಳಿಯುತ್ತಿದ್ದನೇ ಎಂದು ಅಕ್ಕ ದೊಡ್ಡ ಡಾಕ್ಟರನ್ನು ಕೇಳಿದಳಂತೆ. ಹೇಳಲಾಗುವುದಿಲ್ಲ ಎಂದರಂತೆ. ನೀವು ಯಾರೂ ಆ ಪ್ರಶ್ನೆ ಅವಳಿಗೆ ಕೇಳಬೇಡಿ, ಬೀಳ್ಕೊಡುಗೆಯ ದಿನವಂತೂ ಬೇಡ. ಅವಳೇ ದಿನಾ ಕೇಳಿಕೊಳ್ಳುತ್ತಾಳೆ. ಪಕ್ಕದಲ್ಲಿ ಕೂತವನಿಗೆ ಅದು ಗೊತ್ತಾಗುತ್ತದೆ.

ಉಳಿದ ಎಂಟು ಜನ ಮಾತ್ರೆ ಬಿಟ್ಟಿರಲಿಲ್ಲ. ಅವರಲ್ಲಿ ಆರು ಜನ ಈಗಲೂ ತಿಂಗಳ ರಕ್ತಕ್ಕೆ ಬರುತ್ತಾರೆ. ಒಬ್ಬಾತ ಕಿಟಕಿಯಲ್ಲಿ ನಿಂತು, “ಆ ಸೂಜಿ ಔಷಧಿ ಯಾಕೆ ನಿಲ್ಲಿಸಿದ್ರಿ, ಚೆನ್ನಾಗಿತ್ತಲ್ಲ,” ಎಂದು ನನ್ನ ಮೇಲೆ ಈಗಲೂ ರೇಗುತ್ತಾನೆ. ತಾನು ಯಾರಿಂದ ಉಳಿದೆನೆಂದು ಅವನಿಗೆ ಗೊತ್ತಿಲ್ಲ. ಹೇಳಲು ಹೋದರೆ ಒಳಗಿನಿಂದ ಅಕ್ಕ ಕೆಮ್ಮುತ್ತಾಳೆ.

ತಮ್ಮ ಹೋಗುವುದಕ್ಕೆ ಎರಡು ತಿಂಗಳ ಮೊದಲು ಒಂದು ದಿನ ಬಣ್ಣದ ಡಬ್ಬ, ಕುಂಚ ಹಿಡಿದು ಲ್ಯಾಬಿಗೆ ಬಂದ. ಅಕ್ಕನೇ ಬರಹೇಳಿದ್ದಳು, ಬೋರ್ಡಿಗೆ ಇನ್ನೊಂದು ಸಾಲು ಸೇರಿಸಬೇಕಿತ್ತು: ‘ಹೆಪಾರಿನ್ ಜಾತಿಯ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ’. ನನ್ನ ಕುರ್ಚಿಯ ಮೇಲೆ ಹತ್ತಿ ನಿಂತು ಬರೆದ. ಕುರ್ಚಿಯನ್ನು ನಾನು ಹಿಡಿದುಕೊಂಡಿದ್ದೆ, ಅವನನ್ನು ಅಕ್ಕ ಹಿಡಿದುಕೊಂಡಿದ್ದಳು. ಅಕ್ಷರಗಳು ಹೋಗುತ್ತಾ ಹೋಗುತ್ತಾ ಕೆಳಗೆ ವಾಲಿದವು. ಕೊನೆಯ ಮಾತು ಉಳಿದಾಗ ಅವನ ಕೈ ಸೋತಿತು. ಇಳಿದು ಕುರ್ಚಿಯಲ್ಲಿ ಕೂತ.

“ಉಳಿದದ್ದು ನೀನೇ ಬರಿ.”

“ನನಗೆಲ್ಲಿ ಬರುತ್ತೋ ಅದೆಲ್ಲ.”

“ಇಷ್ಟು ವರ್ಷ ಟ್ಯೂಬಿನ ಮೇಲೆ ಬರೀತಿಲ್ವಾ? ಅದೇ ಥರ ಬರಿ.”

ಅವಳು ಸ್ಟೂಲು ಎಳೆದುಕೊಂಡು, ಮಂಡಿಯನ್ನು ಶಪಿಸುತ್ತಾ ಹತ್ತಿ, ‘ಹೇಳಿ’ ಎಂದು ಬರೆದಳು. ಟ್ಯೂಬಿನ ಚೀಟಿಯ ಮೇಲೆ ಬರೆಯುವ ಅದೇ ಸಣ್ಣ, ಒತ್ತೊತ್ತಾದ ಅಕ್ಷರ. ಅಷ್ಟು ದೊಡ್ಡ ಬೋರ್ಡಿನಲ್ಲಿ ಅದನ್ನು ಓದಬೇಕಾದರೆ ಹತ್ತಿರ ಹೋಗಬೇಕು.

ಈಗ ಆ ಬೋರ್ಡು ತೆಗೆದು ಪ್ಲಾಸ್ಟಿಕ್ಕಿನದು ಹಾಕಿಸುತ್ತಾರಂತೆ. ಹಳೆಯದನ್ನು ನೆನಪಿಗೆಂದು ಮನೆಗೆ ಒಯ್ಯಬಹುದು ಎಂದು ಆಫೀಸಿನವರು ಅಕ್ಕನಿಗೆ ಹೇಳಿದರು. ದೊಡ್ಡ ಉಪಕಾರ ಮಾಡಿದವರ ಹಾಗೆ ನಿಂತಿದ್ದರು.

“ಮನೆಗೆ ತಗೊಂಡು ಹೋಗಿ ಏನು ಮಾಡಲಿ?” ಎಂದಳು ಅಕ್ಕ. “ನನ್ನ ಮನೆಗೆ ಯಾರು ಟ್ಯೂಬು ತರ್ತಾರೆ? ಅದು ಇಲ್ಲೇ ಇರಲಿ.”

ಅದು ಇಲ್ಲೇ ಇರುತ್ತದೆ. ನನಗೆ ಇನ್ನೂ ಮೂರು ವರ್ಷ ಕೆಲಸವಿದೆ, ಕಿಟಕಿ ನನ್ನದು.